ಹಣ ಮುಟ್ಟಿದೆ

ಪಂಪ್ ಮೇಸ್ತ್ರಿಯವರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಯಾವುದೋ ಮೋಟಾರಿನ ಫ್ಯಾನು ಕಿತ್ತುಕೊಂಡು ಹೋಗಿತ್ತಂತೆ. ಆ ಬೋಳು ಬೆರಳಿನಿಂದಲೇ ತಾಮ್ರದ ತಂತಿಯನ್ನು ಸವರಿ, ಅದು ದಪ್ಪದಲ್ಲಿ ಎಷ್ಟನೇ ನಂಬರಿನದೆಂದು ಹೇಳಿಬಿಡುತ್ತಿದ್ದರು. ಆಂಧ್ರದ ಗಡಿಯ ರಾಯಲ್ಪಾಡಿನ ರೈತರು ಬಂದರೆ ತೆಲುಗು, ಮನೆಯವರು ಕೂಗಿದರೆ ದಖನಿ ಉರ್ದು, ನಮ್ಮೊಂದಿಗೆ ಕನ್ನಡ. ಮನುಷ್ಯರನ್ನು ಅವರು ಬೈದದ್ದನ್ನು ನಾನು ಕೇಳಿಲ್ಲ. ಮೋಟಾರುಗಳನ್ನು ಮಾತ್ರ ಮೂರು ಭಾಷೆಯಲ್ಲೂ ಬೈಯುತ್ತಿದ್ದರು.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಆ ಕಡೆಯ ಒಂದು ಪುರಸಭೆಯಲ್ಲಿ ಬಿಲ್ಲುಗಳ ಗುಮಾಸ್ತ. ಊರಿನ ಹೆಸರು ಬೇಡ, ಹೇಳಿದರೆ ನನಗೇ ನಾಚಿಕೆ. ಒಂದು ಬೇಸಿಗೆಯಲ್ಲಿ ಪುರಸಭೆಯ ಎರಡೂ ಬಾವಿಗಳ ಮೋಟಾರುಗಳು ಸುಟ್ಟುಹೋದವು. ಊರಿಗೆ ಹನಿ ನೀರಿಲ್ಲ. ಮೇಸ್ತ್ರಿ ಕೋಲಾರದ ಅಂಗಡಿಯಿಂದ ಸಾಲವಾಗಿ ತಂತಿ ತಂದು, ನಾಲ್ಕೇ ದಿನದಲ್ಲಿ ಎರಡಕ್ಕೂ ಹೊಸದಾಗಿ ಸುತ್ತಿ ಕೂರಿಸಿದರು. ಬಿಲ್ಲಿನ ಹಣ ಬಂದರೆ ಅಂಗಡಿಯ ಸಾಲ ತೀರಬೇಕು. ತೀರದಿದ್ದರೆ ಮುಂದೆ ತಂತಿ ಹುಟ್ಟುವುದಿಲ್ಲ.

ಬಿಲ್ಲಿನ ಕೊನೆಗೆ ರೆವಿನ್ಯೂ ಸ್ಟಾಂಪು ಅಂಟಿಸಿ, ‘ಹಣ ಮುಟ್ಟಿದೆ’ ಎಂದು ಮೊದಲೇ ಸಹಿ ಮಾಡಿಸಿಕೊಳ್ಳುವುದು ನಮ್ಮ ಕಚೇರಿಯ ರೂಢಿ. ಇಲ್ಲದಿದ್ದರೆ ಕಾಗದ ಮುಂದಿನ ಮೇಜಿಗೆ ಹೋಗುತ್ತಿರಲಿಲ್ಲ.

“ದುಡ್ಡೇ ಬಂದಿಲ್ಲ, ಮುಟ್ಟಿದೆ ಅಂತ ಬರೆಯೋದು ಸುಳ್ಳಲ್ವಾ ಸಾರ್?” ಎಂದರು ಮೇಸ್ತ್ರಿ.

“ಇದು ಆಫೀಸ್ ಸುಳ್ಳು ಮೇಸ್ತ್ರಿ, ಪಾಪ ಬರಲ್ಲ. ಹಾಕಿ ಹಾಕಿ,” ಎಂದು ನಕ್ಕೆ. ದೊಡ್ಡ ಹಾಸ್ಯ ಮಾಡಿದೆನೆಂದು ಆ ದಿನ ನನಗೆ ಹೆಮ್ಮೆ. ಅವರು ಬಲದಿಂದ ಎಡಕ್ಕೆ ಉರ್ದುವಿನಲ್ಲಿ ನಿಧಾನವಾಗಿ ಸಹಿ ಹಾಕಿದರು.

ಹಣ ಬರಲೇ ಇಲ್ಲ. ಕ್ಯಾಷ್ ಪುಸ್ತಕದಲ್ಲಿ ‘ಪಾವತಿ’ ಎಂದಿತ್ತು. ಕ್ಯಾಷಿಯರ್ ಪುರಸಭೆಯ ಅಧ್ಯಕ್ಷರ ನೆಂಟ. ದುಡ್ಡು ಯಾರ ಜೇಬು ಸೇರಿತೆಂದು ಕಚೇರಿಯ ಗೋಡೆಗೂ ಗೊತ್ತಿತ್ತು. ಮೇಸ್ತ್ರಿ ಎಂಟು ತಿಂಗಳು ಅಲೆದರು. ಅವರ ಅರ್ಜಿಗಳನ್ನೆಲ್ಲ ಮುದ್ದಾದ ಅಕ್ಷರದಲ್ಲಿ ಬರೆದುಕೊಟ್ಟವನು ನಾನೇ. ಕೊನೆಗೊಂದು ದಿನ ಮುಖ್ಯಾಧಿಕಾರಿಗಳು ವಿಚಾರಣೆಗೆ ಕರೆದರು.

“ಈ ಸಹಿ ನಿಮ್ದೇನ್ರೀ?”

“ನಂದೇ ಸಾಬ್. ದುಡ್ಡು ಮಾತ್ರ ಬಂದಿಲ್ಲ. ಮೊದ್ಲೇ ಸೈನ್ ಹಾಕೋದು ಇಲ್ಲಿ ರೂಢಿ ಅಂತ ಈ ಸಾರ್ ಹೇಳಿದ್ರು, ಹಾಕ್ದೆ.”

ಅಧಿಕಾರಿ ನನ್ನತ್ತ ತಿರುಗಿದರು. “ಹೌದೇನ್ರೀ?”

ಕ್ಯಾಷಿಯರ್ ಎದುರಿಗೇ ಕೂತಿದ್ದ. ನನ್ನ ನೌಕರಿ ಇನ್ನೂ ಖಾಯಂ ಆಗಿರಲಿಲ್ಲ.

“ಜ್ಞಾಪಕ ಇಲ್ಲ ಸಾರ್,” ಎಂದೆ.

ಅರ್ಜಿ ವಜಾ ಆಯಿತು. ಮೇಸ್ತ್ರಿ ಟೋಪಿ ಸರಿಮಾಡಿಕೊಂಡು ಹೊರಟುಹೋದರು. ಕೋಲಾರದ ಅಂಗಡಿಯವರು ತಂತಿ ನಿಲ್ಲಿಸಿದರು. ಇಪ್ಪತ್ತು ವರ್ಷದ ತಮ್ಮ ರಿಪೇರಿ ಅಂಗಡಿ ಮುಚ್ಚಿ, ತಾವೇ ಕೆಲಸ ಕಲಿಸಿದವನ ಶೆಡ್ಡಿನಲ್ಲಿ ಮೇಸ್ತ್ರಿ ದಿನಗೂಲಿಗೆ ನಿಂತರು. ನನ್ನ ನೌಕರಿ ಖಾಯಂ ಆಯಿತು. ಸಂಸಾರವಂದಿಗ, ಏನು ಮಾಡಲಿಕ್ಕಾಗುತ್ತಿತ್ತು ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಹೇಡಿತನ ಅದು, ಬೇರೇನಲ್ಲ.

ಎಂಬತ್ತರ ದಶಕದ ನಡುವೆ ಅವರು ತೀರಿಕೊಂಡರು. ಮಣ್ಣಾದ ಮೇಲೆ ನನಗೆ ಸುದ್ದಿ ಬಂತು. ಮೊದಲೇ ಬಂದಿದ್ದರೂ ಹೋಗುವ ಮುಖ ಇರಲಿಲ್ಲ.

ಕೊನೆಯ ಸಲ ಅವರೊಡನೆ ಮಾತಾಡಿದ್ದು ವಿಚಾರಣೆಯ ಮರುವರ್ಷ. ಬಾವಿಯ ಪಂಪು ಜಾಮ್ ಆಗಿತ್ತು, ಇನ್ನಾರಿಂದಲೂ ಆಗದೆ ಅವರಿಗೇ ಹೇಳಿಕಳಿಸಿದರು. ಬಂದರು. ಮಧ್ಯಾಹ್ನದೊಳಗೆ ಊರಿಗೆ ನೀರು ಬಿಟ್ಟರು. ನಾನು ಬಿಲ್ಲಿನ ಹಾಳೆ ಹಿಡಿದು ಬಾವಿಯವರೆಗೂ ಓಡಿದೆ. ಈ ಸಲ ನಾನೇ ನಿಂತು ಹಣ ಕೊಡಿಸುತ್ತೇನೆ ಎಂದೆ. ಅವರು ಕೈ ತೊಳೆಯುತ್ತ, ನನ್ನ ಮುಖ ನೋಡದೆ ಹೇಳಿದರು:

“ಬಿಲ್ ಬ್ಯಾಡ ಸಾರ್. ಬಿಲ್ ಕೊಟ್ರೆ ಮತ್ತೆ ನಿಮ್ ಹತ್ರ ಬರ್ಬೇಕಾಗ್ತದೆ.”