ಬೇರು ಸಮೇತ

ಗಡಹಿಂಗ್ಲಜದ ನಮ್ಮ ಸಸ್ಯಶಾಸ್ತ್ರದ ಮಾಸ್ತರು ತರಗತಿಯಲ್ಲಿ ಮರಾಠಿ, ಗುಡ್ಡ ಹತ್ತಿದರೆ ಕನ್ನಡ ಮಾತಾಡುತ್ತಿದ್ದರು. ಜೈನರು. ನೀರನ್ನು ಬಟ್ಟೆಯಲ್ಲಿ ಸೋಸದೆ ಕುಡಿದವರಲ್ಲ. ಕೂರುವ ಮುಂಚೆ ಇರುವೆ ಇದ್ದಾವೆಂದು ಕರವಸ್ತ್ರದಿಂದ ನೆಲ ಸವರುತ್ತಿದ್ದರು. ಅರವತ್ತರ ದಶಕದ ಆ ವರ್ಷಗಳಲ್ಲಿ ಪ್ರತಿ ಚಳಿಗಾಲ ನಮ್ಮನ್ನು ಚಂದಗಡದ ಕಡೆಯ ಒಂದು ಗುಡ್ಡಕ್ಕೆ ಕರೆದೊಯ್ಯುತ್ತಿದ್ದರು. ಅಲ್ಲೊಂದು ಅಪರೂಪದ ಪೊದೆ ಬೆಳೆಯುತ್ತಿತ್ತು: ದಾಸವಾಳದ ಕುಲ, ಹೃದಯದಾಕಾರದ ಮೆತ್ತನೆಯ ಎಲೆ, ತಲೆಕೆಳಗಾಗಿ ತೂಗುವ ಬಂಗಾರದ ಗಂಟೆಯಂಥ ಹೂವು. ಪ್ರತಿಯೊಬ್ಬರೂ ಒಂದೊಂದು ಗಿಡ ಕಿತ್ತು, ಹಳೆಯ ಪೇಪರಿನಲ್ಲಿ ಒತ್ತಿ ಒಣಗಿಸಿ ಒಪ್ಪಿಸಬೇಕು. ಬರೀ ಟೊಂಗೆ ತಂದವರಿಗೆ, "ಬೇರ ಇಲ್ಲಂದ್ರ ಅದು ಗಿಡ ಅಲ್ಲಪಾ, ಕಸ," ಎನ್ನುತ್ತಿದ್ದರು.

ನಮ್ಮ ಕೊನೆಯ ವರ್ಷ ಇಡೀ ಗುಡ್ಡ ಅಲೆದರೂ ಸಿಕ್ಕಿದ್ದು ಒಂದೇ ಗಿಡ.

"ಇದೊಂದ ಉಳದೈತ್ರಿ ಸರ್," ಎಂದೆ.

ಅವರು ಮಂಡಿಯೂರಿ, ಭೂತಗನ್ನಡಿ ಹಿಡಿದು, ಹೂವಿನಿಂದ ಹೊರಗೆ ಇಣುಕುವ ಕೇಸರಗಳ ಕೊಳವೆಯನ್ನು ಭಕ್ತಿಯಿಂದ ನೋಡಿದರು. ಆಮೇಲೆ, "ಹಂಗಾದ್ರ ಭಾಳ ಹುಷಾರಿಲೆ ಅಗೀರಿ. ಬೇರ ಹರೀಬಾರದು," ಎಂದರು.

ಅಗೆದೆವು. ಒಂದು ಎಳೆಯೂ ಹರಿಯಲಿಲ್ಲ. ಮಾಸ್ತರು ನನ್ನ ಬೆನ್ನು ತಟ್ಟಿದರು.

ಮಧ್ಯಾಹ್ನ ನಾವು ಬುತ್ತಿ ಬಿಚ್ಚಿ ಈರುಳ್ಳಿ ಜಜ್ಜಿದಾಗ ಅವರು ಎಂದಿನಂತೆ ನಾಲ್ಕು ಮಾರು ಆಚೆ ಸರಿದು ಕುಳಿತರು.

"ನೀವ್ಯಾಕ ಉಳ್ಳಾಗಡ್ಡಿ ತಿನ್ನೂದಿಲ್ರಿ ಸರ್?" ಎಂದು ಕೇಳಿದೆ.

ತೊಡೆಯ ಮೇಲಿದ್ದ ಆ ಗಿಡದ ಬೇರಿನ ಮಣ್ಣನ್ನು ಮೆಲ್ಲಗೆ ಒರೆಸುತ್ತ ಅವರು ಹೇಳಿದರು:

"ಗಡ್ಡಿ ಕಿತ್ತರ ಇಡೀ ಗಿಡದ ಜೀವ ಹೋಕ್ಕೈತಲ್ಲಪಾ."