ಹಿಂದೆ ನಿಂತು ನೋಡುವ ಡಾಕ್ಟರು
ನೀಲಿ ನೈಲ್ ನದಿ ದಂಡೆಯ ವಾದ್ ಮದನಿ ಊರಿನಲ್ಲಿ ಮೂಗಿನ ಡಾಕ್ಟರು ಬಾಬಿಕಿರ್ ಯಾರನ್ನೂ ಎದುರಿನಿಂದ ನೋಡಿ ನಂಬುವವರಲ್ಲ. ರೋಗಿಯನ್ನು ಕೂರಿಸಿ, ಬೆನ್ನ ಹಿಂದೆ ನಿಂತು, ತಲೆಯ ಮೇಲಿಂದ ಬಗ್ಗಿ ನೋಡುತ್ತಾರೆ. ಒಂದು ಕಣ್ಣು ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಮುಂದೆ ಬಂದಿದ್ದರೂ ಸಾಕು, ಮೂಗಿನ ಪಕ್ಕದ ಎಲುಬಿನ ಗೂಡಿನಲ್ಲಿ ಬೂಷ್ಟು ಬೇರೂರಿದೆಯೆಂಬ ಅನುಮಾನ ಅವರಿಗೆ ಹತ್ತಿಕೊಳ್ಳುತ್ತದೆ. "ಬರೀ ನೆಗಡಿ ಡಾಕ್ಟ್ರೇ, ಹತ್ತಿ ಹೊಲದ ಧೂಳು," ಎಂದು ಹೆಂಗಸೊಬ್ಬಳು ರಾಗ ಎಳೆದರೆ, "ಧೂಳು ಕಣ್ಣನ್ನ ಹೊರಗೆ ತಳ್ಳಲ್ಲ ತಾಯಿ. ಮೂಗಿನೊಳಗಿಂದ ಚೂರು ಕತ್ತರಿಸಿ ಪರೀಕ್ಷೆ ಮಾಡೋಣ. ಬೂಷ್ಟಾದ್ರೆ ಆಪರೇಷನ್, ಆಮೇಲೆ ತಿಂಗಳುಗಟ್ಟಲೆ ಮಾತ್ರೆ. ಮೂಗು ಬಿಟ್ಕೊಳ್ತು ಅಂತ ನಿಲ್ಲಿಸಿದ್ರೆ ಮತ್ತೆ ಬರುತ್ತೆ," ಎಂದು ಗದರುತ್ತಾರೆ. ಈ ಚಟ ಆಸ್ಪತ್ರೆಯ ಬಾಗಿಲಿಗೆ ನಿಲ್ಲುವುದಿಲ್ಲ. ಮದುವೆಯಲ್ಲಿ ಮದುಮಗನ ಹಿಂದೆ, ಬೀದಿಯಲ್ಲಿ ಟೀ ಮಾರುವವಳ ಹಿಂದೆ, ಕೊನೆಗೆ ಇಮಾಮರ ಹಿಂದೆಯೂ ನಿಂತು ಬಗ್ಗುತ್ತಾರೆ. "ತಲೆ ರುಮಾಲು ಬಿಗಿಯಾಗಿ ಹಿಡ್ಕೊಳ್ರೋ, ಡಾಕ್ಟ್ರು ಹಿಂದೆ ಬಂದ್ರು!" ಎಂದು ಊರು ನಗುತ್ತದೆ. ಇದೇ ಬೂಷ್ಟಿಗೆ ಎರಡು ಸಲ ಆಪರೇಷನ್ ಆಗಿರುವ ಹೆಂಡತಿ ಇಹ್ಸಾನಳನ್ನಂತೂ ದಿನಾ ಬೆಳಿಗ್ಗೆ ಶುಂಠಿ ಕಾಫಿ ಕೊಡುವ ನೆಪದಲ್ಲಿ ಹಿಂದಿನಿಂದ ನೋಡಿ, "ಎರಡೂ ಸಮ ಇದೆ," ಎಂದು ಹೇಳಿಯೇ ಕೂರುತ್ತಿದ್ದರು. ನಿನ್ನೆ ಹಿಂದಿನಿಂದ ಎರಡೆರಡು ಸಲ ಬಗ್ಗಿ ನೋಡಿ, "ಸಮ ಇದೆ" ಎನ್ನದೆಯೇ ಕೂತರು. ಇವತ್ತು ಬಟ್ಟಲು ಹಿಡಿದು ನೇರ ಅವಳ ಎದುರಿಗೇ ಬಂದರು. "ಯಾಕ್ರೀ, ಹಿಂದೆ ನಿಂತು ನೋಡಲ್ವಾ?" ಎಂದಳು ಇಹ್ಸಾನ್. "ಕಾಫಿ ಆರಿಹೋಗುತ್ತೆ, ಕುಡಿ," ಎಂದರು.