ಅರ್ಧಕ್ಕೆ ನಿಂತವನ ಹೆಸರು

ನನ್ನ ಮಗನಿಗೆ ಒಬ್ಬ ಕ್ರಿಕೆಟ್ ಆಟಗಾರನ ಹೆಸರಿದೆ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯಬೇಡಪ್ಪ ಅಂತ ಮಗನೇ ಹೇಳಿದ್ದಾನೆ. ಆ ಆಟಗಾರ ನಮ್ಮ ರಾಜ್ಯದವನು, ದೇಶಕ್ಕೆ ಆಡಿದ್ದು ಬೆರಳೆಣಿಕೆಯಷ್ಟು ಪಂದ್ಯ. ಆಮೇಲೆ ಕೈಬಿಟ್ಟರು, ಮತ್ತೆ ಕರೆಯಲಿಲ್ಲ. ಅಷ್ಟು ಹೇಳಿದರೆ ಸಾಕು.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ದೊಡ್ಡಬಳ್ಳಾಪುರದಲ್ಲಿ ಮಗ್ಗದ ಕೆಲಸಕ್ಕೆ ಸೇರಿದವನು. ಪವರ್‌ಲೂಮಿನ ಶೆಡ್ಡಿನಲ್ಲಿ ಮಾತು ಕೇಳಿಸುವುದಿಲ್ಲ. ನೂಲು ಬೇಕಾದರೂ ಕೈಸನ್ನೆ, ಟೀ ಬೇಕಾದರೂ ಕೈಸನ್ನೆ. ಹೊರಗೆ ಬಂದ ಮೇಲೂ ಸುಮಾರು ಹೊತ್ತು ಕಿವಿಯೊಳಗೆ ಮಗ್ಗ ಓಡುತ್ತಲೇ ಇರುತ್ತದೆ. ಒಂದು ದಿನ ಬೆಳಗ್ಗೆಯೇ ಕರೆಂಟ್ ಹೋಯಿತು, ಸಂಜೆವರೆಗೂ ಬರುವುದಿಲ್ಲ ಅಂದರು. ಜೊತೆಯ ನೇಕಾರನೊಬ್ಬ, ಬೆಂಗಳೂರಿನಲ್ಲಿ ರಾಜ್ಯದ ಮ್ಯಾಚ್ ನಡೀತಿದೆ, ಟಿಕೆಟ್ ಇಲ್ಲ, ಸುಮ್ಮನೆ ಬಿಡ್ತಾರೆ ಅಂದ. ಇಬ್ಬರೂ ರೈಲು ಹತ್ತಿದೆವು.

ಅಷ್ಟು ದೊಡ್ಡ ಸ್ಟೇಡಿಯಮ್ಮಿನಲ್ಲಿ ಜನವೇ ಇರಲಿಲ್ಲ. ಅಲ್ಲೊಬ್ಬರು ಇಲ್ಲೊಬ್ಬರು ಮುದುಕರು ಟಿಫಿನ್ ಡಬ್ಬಿ ಇಟ್ಟುಕೊಂಡು ಕೂತಿದ್ದರು. ಆಗ ಅವನು ಬ್ಯಾಟ್ ಹಿಡಿದು ಬಂದ. ಇನ್ನೂ ಹುಡುಗ, ಸಣ್ಣ ಮೈ. ವೇಗದ ಬೌಲರ್ ಓಡಿ ಬಂದು ಎಸೆದ. ಹೊಡೆಯುತ್ತಾನೋ ಇಲ್ಲವೋ ಎಂದು ನಾನು ನೋಡುತ್ತಿರುವಾಗಲೇ ಅವನ ಮಣಿಕಟ್ಟು ಒಂದಿಷ್ಟು ತಿರುಗಿತು, ಅಷ್ಟೇ. ಚೆಂಡು ಬೌಂಡರಿ ಹಗ್ಗದ ಹತ್ತಿರ ಇತ್ತು. ಫೀಲ್ಡಿಂಗಿನವನು ಓಡಲೇ ಇಲ್ಲ. ಆ ಖಾಲಿ ಮೈದಾನದಲ್ಲಿ ಬ್ಯಾಟಿನ ಸದ್ದು ಎಷ್ಟು ಚೊಕ್ಕವಾಗಿ ಕೇಳಿಸಿತೆಂದರೆ, ನನ್ನ ಕಿವಿಯೊಳಗಿನ ಮಗ್ಗ ನಿಂತುಹೋಯಿತು. ಇದು ಅಲಂಕಾರಕ್ಕೆ ಬರೆದ ಮಾತಲ್ಲ. ನಿಜವಾಗಿಯೂ ನಿಂತಿತು. ಮುಂದಿನ ಸಾಲಿನ ಮುದುಕರೊಬ್ಬರು ಚಪ್ಪಾಳೆ ಕೂಡ ಹೊಡೆಯದೆ, ಬಾಯಲ್ಲಿದ್ದ ತುತ್ತನ್ನು ಅಗಿಯುವುದು ಮರೆತು ಕೂತಿದ್ದರು.

ಮುಂದೆ ಅವನು ದೇಶದ ತಂಡಕ್ಕೆ ಆಯ್ಕೆಯಾದಾಗ ನಮ್ಮ ಟೀ ಅಂಗಡಿಯಲ್ಲಿ ಎಲ್ಲರೂ ಅವನ ಬಗ್ಗೆ ಹತ್ತಿರದ ನೆಂಟನ ಹಾಗೆ ಮಾತಾಡಿದರು. ಕೈಬಿಟ್ಟಾಗ ಅವರೇ ಬೇರೆ ಮಾತು ತೆಗೆದರು. ಆಟ ಇತ್ತು ತಲೆ ಇರಲಿಲ್ಲ ಅಂದರು. ಹಿಂದೆ ಯಾರೂ ಇರಲಿಲ್ಲ ಅಂದರು. ಹೊರದೇಶದ ಪಿಚ್ಚಿನಲ್ಲಿ ಪುಕ್ಕಲ ಅಂದರು. ಒಬ್ಬೊಬ್ಬರೂ ಆಯ್ಕೆ ಸಮಿತಿಯಲ್ಲಿ ಕೂತು ಎದ್ದು ಬಂದವರ ಹಾಗೆ ಹೇಳುತ್ತಿದ್ದರು. ನಾನು ಪ್ರತಿ ಸಲ ಜಗಳ ಆಡಿದೆ. ಆ ದನಿ ನನಗೆ ಚೆನ್ನಾಗಿ ಗೊತ್ತಿತ್ತು. ಮೂವತ್ತು ದಾಟಿದ ಮೇಲೆ ಎಸ್ಸೆಸ್ಸೆಲ್ಸಿ ಕಟ್ಟಿ ಪಾಸಾದಾಗ, ದಾಬಸ್‌ಪೇಟೆಯ ಫ್ಯಾಕ್ಟರಿಯಲ್ಲಿ ಸ್ಟೋರಿನ ಕೆಲಸ ಸಿಕ್ಕಾಗ, ಇದೇ ಜನ 'ಟೈಮಿಗೆ ಓದಿದ್ದಿದ್ರೆ ಆಫೀಸರ್ ಆಗ್ತಿದ್ದೆ' ಅಂತ ನನ್ನ ಮುಖ ನೋಡಿ ಲೊಚಗುಟ್ಟಿದ್ದರು. ಪಾಸಾದವನಿಗೆ ಒಂದು ಶಹಬಾಸ್ ಹೇಳುವುದು ಬಿಟ್ಟು, ಆಗದೆ ಹೋದ ಆಫೀಸರನಿಗೆ ಸಂತಾಪ ಹೇಳುವ ಜನ.

ನನಗೆ ಮಗ ಹುಟ್ಟುವ ಹೊತ್ತಿಗೆ ವಿಮಾನ ನಿಲ್ದಾಣ ಶುರುವಾಗಿ ಕೆಲವು ವರ್ಷ ಕಳೆದಿತ್ತು. ನನ್ನ ಅಕ್ಕನನ್ನು ಕೊಟ್ಟಿರುವುದು ಬೂದಿಗೆರೆಗೆ. ಭಾವ ಏರ್‌ಪೋರ್ಟ್ ಟ್ಯಾಕ್ಸಿ ಓಡಿಸುತ್ತಿದ್ದರು. ನಮ್ಮಲ್ಲಿ ಮಗುವಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು, ಅಂದರೆ ನನ್ನ ಅಕ್ಕನದು. ಒಮ್ಮೆ ಅವಳು ಕಿವಿಯಲ್ಲಿ ಹೇಳಿದ ಹೆಸರನ್ನು ಆಮೇಲೆ ಯಾರೂ ಬದಲಾಯಿಸುವ ಹಾಗಿಲ್ಲ, ಅಪ್ಪ ಕೂಡ. ನಾನು ಆ ಆಟಗಾರನ ಹೆಸರೇ ಇಡಬೇಕು ಅಂದಿದ್ದೆ. ನನ್ನ ಹೆಂಡತಿಗೆ ಅಭ್ಯಂತರ ಇರಲಿಲ್ಲ, ಯಾರದ್ದಾದರೂ ಆಗಲಿ ಕರೆಯೋಕೆ ಚೆನ್ನಾಗಿದೆ ಅಂದಳು. ಭಾವ ಮಾತ್ರ ಸುತರಾಂ ಒಪ್ಪಲಿಲ್ಲ. ಕಪ್ ಗೆದ್ದ ಕ್ಯಾಪ್ಟನ್ನನ ಹೆಸರು ಹೇಳಬೇಕೆಂದು ಅಕ್ಕನಿಂದ ಆಗಲೇ ಮಾತು ತೆಗೆದುಕೊಂಡಿದ್ದರು.

ತೂಬಗೆರೆಯಲ್ಲಿ ನನ್ನ ಹೆಂಡತಿಯ ತವರಿನಲ್ಲಿ ನಾಮಕರಣ. ಹೆಂಗಸರು ಒಳಗೆ ತೊಟ್ಟಿಲಿಗೆ ಹೂವು ಕಟ್ಟುತ್ತಿದ್ದರು. ಗಂಡಸರು ಜಗಲಿಯ ಮೇಲೆ. ಭಾವ ಎಲ್ಲರಿಗೂ ಕೇಳುವ ಹಾಗೆ ಶುರು ಮಾಡಿದರು.

"ಅವತ್ತು ರೈಲಲ್ಲಿ ಹೋಗಿ ನೋಡ್ದೆ ಅಂತೀಯಲ್ಲ, ಎಷ್ಟು ರನ್ ಹೊಡ್ದ?"

ನನಗೆ ನಿಜವಾಗಿ ನೆನಪಿರಲಿಲ್ಲ. ಐವತ್ತು ಆಗಿರಲಿಲ್ಲ ಅನ್ನುವುದಷ್ಟೇ ಗೊತ್ತಿತ್ತು. ಹಾಗೇ ಹೇಳಿದೆ.

"ನೋಡ್ರಪ್ಪಾ, ಇವ್ನಿಗೇ ನೆನಪಿಲ್ಲ. ಇನ್ನು ಟೀಮ್ ಆರಿಸೋರು ನೆನಪಿಟ್ಕೊಳ್ತಾರಾ?"

ಜಗಲಿ ತುಂಬ ನಗು. ನನ್ನ ಮಾವನವರು ಕೂಡ ಶಲ್ಯ ಅಡ್ಡ ಹಿಡಿದು ನಕ್ಕರು. ಆಮೇಲೆ ಭಾವ ಅದುವರೆಗೂ ನನಗೆ ಹೇಳದೆ ಇದ್ದ ಒಂದು ಸಂಗತಿ ತೆಗೆದರು. ಆ ಆಟಗಾರನನ್ನು ಅವರೇ ಒಮ್ಮೆ ಏರ್‌ಪೋರ್ಟಿನಿಂದ ಮನೆಗೆ ಬಿಟ್ಟು ಬಂದಿದ್ದರಂತೆ. ಡಿಕ್ಕಿಯಲ್ಲಿ ಅವನ ಉದ್ದನೆಯ ಬ್ಯಾಗು. ಟೋಲ್ ದಾಟಿದ ಮೇಲೆ ಇವರು ತಡೆಯಲಾರದೆ, ಸಾರ್, ನೀವು ಇನ್ನೂ ಎಷ್ಟೋ ಆಡಬೇಕಿತ್ತು, ವೇಸ್ಟ್ ಆಗೋಯ್ತು ಅಂದರಂತೆ. ಅವನು, 'ವೇಸ್ಟ್ ಯಾಕೆ? ಆಡಿದ್ನಲ್ಲ' ಅಂದನಂತೆ.

"ಅಷ್ಟಾದ್ರೂ ಕೊಬ್ಬು ಇಳ್ದಿಲ್ಲ ಕಣೋ," ಅಂದರು ಭಾವ. "ಅರ್ಧಕ್ಕೆ ನಿಂತೋನು, ನಿಂತೆ ಅಂತ ಒಪ್ಕೊಳ್ಳೋದೂ ಇಲ್ಲ. ಅಂಥೋನ ಹೆಸರು ಮಗೂಗೆ ಇಡ್ತಾರೇನೋ? ಮಗೂನೂ ಅರ್ಧಕ್ಕೆ ನಿಲ್ಲುತ್ತೆ."

ಆ ಮಾತು ಬಂದ ಕೂಡಲೇ ಜಗಲಿಯ ನಗು ನಿಂತಿತು. ನಮ್ಮ ಕಡೆ ಅದು ತಮಾಷೆಯ ಮಾತಲ್ಲ. ಬಾಳಿ ಬದುಕಿದವರ ಹೆಸರನ್ನೇ ಇಡಬೇಕು ಅನ್ನುವುದು ರೂಢಿ. ಮಾವನವರು ನೆಲ ನೋಡಿದರು. ಅಳಿಯನಾದ ನನಗೆ ಎದುರು ಹೇಳಲಾರರು, ಆದರೆ ಅವರ ಮನಸ್ಸು ವಾಲಿದ್ದು ನನಗೆ ಕಾಣಿಸಿತು.

ನಾನು ಎದ್ದು ನಿಂತೆ.

"ಭಾವ, ಮಗ್ಗಕ್ಕೆ ಹಾಸಿನ ನೂಲು ಎಷ್ಟು ಏರಿಸ್ತಾರೋ ಅಷ್ಟೇ ನೇಯೋಕಾಗೋದು. ನೂಲು ಕೊಡೋದು ಮಾಲೀಕರು, ನಿಲ್ಸೋದೂ ಅವ್ರೇ. ನೇಯ್ದಷ್ಟರಲ್ಲಿ ಒಂದು ಎಳೆ ತಪ್ಪಿದ್ರೆ ಹೇಳಿ, ಕೇಳ್ತೀನಿ. ನೇಯ್ದೇ ಇರೋ ಸೀರೆ ತೋರಿಸಿ ಅವನನ್ನ ಬಯ್ಬೇಡಿ. ನಾನೂ ಏಳನೇ ಕ್ಲಾಸಿಗೆ ನಿಂತೋನೇ. ನನ್ನ ಹೆಸರೂ ಕೆಟ್ಟದ್ದಾ?"

ಆಗ ಬಾಗಿಲಲ್ಲಿ ಅಕ್ಕ ನಿಂತಿರುವುದು ಗೊತ್ತಾಯಿತು. ಕೈಯಲ್ಲಿ ಅರಿಶಿನದ ಬಟ್ಟಲು. ಅವಳು ನನ್ನ ಕಡೆ ನೋಡಲೇ ಇಲ್ಲ, ಗಂಡನನ್ನೇ ಕೇಳಿದಳು.

"ಏನ್ರೀ, ಆ ಯಪ್ಪ 'ಆಡಿದ್ನಲ್ಲ' ಅಂದಾಗ ಮುಖ ಹೆಂಗಿತ್ತು?"

"ಹೆಂಗಿರುತ್ತೆ? ಕನ್ನಡೀಲಿ ನೋಡ್ದೆ. ನಗ್ತಾ ಇದ್ದ."

"ಬೇಜಾರು ಮುಚ್ಕೊಳ್ಳೋ ನಗೆನಾ?"

ನಮ್ಮ ಭಾವನ ಬಾಯಿ ದೊಡ್ಡದು, ಆದರೆ ಸುಳ್ಳು ಹೇಳುವ ಮನುಷ್ಯ ಅಲ್ಲ.

"ಇಲ್ಲ. ಬೇಜಾರೇನೂ ಇರ್ಲಿಲ್ಲ."

ಅಕ್ಕ ಅರಿಶಿನದ ಬಟ್ಟಲು ಹಿಡಿದುಕೊಂಡು ಒಳಗೆ ಹೋದಳು.

ಹೊತ್ತಾಯಿತು ಎಂದು ಎಲ್ಲರನ್ನೂ ಕರೆದರು. ತೊಟ್ಟಿಲಿನ ಸುತ್ತ ಹೆಂಗಸರು ಒತ್ತಿಕೊಂಡು ನಿಂತಿದ್ದರು. ನಾನು ಹಿಂದೆ, ಗೋಡೆಗೆ ಒರಗಿ. ಮಗ ನನ್ನವನು, ಹೆಸರು ಅವನ ಜೀವಮಾನದ್ದು, ಆದರೆ ಆ ಗಳಿಗೆಯಲ್ಲಿ ನನ್ನ ಕೈಯಲ್ಲಿ ಏನೂ ಇರಲಿಲ್ಲ. ಅಕ್ಕ ಬಗ್ಗಿ, ಸೆರಗು ಮರೆ ಮಾಡಿ, ಮಗುವಿನ ಕಿವಿಗೆ ಬಾಯಿಟ್ಟಳು. ಮೂರು ಸಲ ತುಟಿ ಅಲುಗಿತು. ಏನಂದಳೋ ಯಾರಿಗೂ ಕೇಳಿಸಲಿಲ್ಲ. ಏನಮ್ಮಾ ಹೆಸರು ಎಂದು ನನ್ನ ಅತ್ತೆ ಕೇಳಿದರು.

ಅಕ್ಕ ಸೆರಗು ಸರಿಮಾಡಿಕೊಂಡು, ಗಂಡನನ್ನು ನೋಡುತ್ತಲೇ ಹೇಳಿದಳು. ಆ ಆಟಗಾರನ ಹೆಸರೇ. ಹೇಳಿ, "ಮನೆಗೆ ಹೋಗಿ ಬಯ್ಕೊಳ್ಳಿ" ಅಂತಲೂ ಸೇರಿಸಿದಳು.

ಆಮೇಲೆ ಉಡುಗೊರೆ. ಕೊಡುವವರು ಮಗುವನ್ನು ಹೊಸ ಹೆಸರಿನಿಂದ ಒಮ್ಮೆ ಕರೆದು ಕೊಡಬೇಕು. ಭಾವ ಬೆಳ್ಳಿಯ ಉಡಿದಾರ ತಂದಿದ್ದರು. ತೊಟ್ಟಿಲ ಹತ್ತಿರ ಬಂದು ಉಡಿದಾರವನ್ನು ಕೈಯಲ್ಲಿ ತಿರುವಿದರು. ಎಲ್ಲರೂ ಅವರ ಬಾಯನ್ನೇ ನೋಡುತ್ತಿದ್ದರು. ಕೊನೆಗೆ ಬಗ್ಗಿ, ಮೆಲ್ಲಗೆ ಹೆಸರು ಹಿಡಿದು ಕರೆದರು. ಕರೆದವರು ಟ್ಯಾಕ್ಸಿಯ ಅಭ್ಯಾಸಬಲದಿಂದ ಕೊನೆಗೆ "ಸಾರ್" ಎಂದೂ ಸೇರಿಸಿಬಿಟ್ಟರು.

ಮನೆಯೆಲ್ಲ ನಕ್ಕಿತು. ಬಾಣಂತಿ ನನ್ನ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನು ನಗಲಿಲ್ಲ. ಭಾವ ಸರಿಯಾಗಿಯೇ ಕರೆದಿದ್ದರು.